ಹಳೆಯ ಮೋಟಾರಿನ ಜೀರ್ಣೋದ್ಧಾರ: ಬ್ರೇಕು, ಸೀಲು, ವೈಪರು



ಹಳೆಯ ದೇವಾಲಯಕ್ಕೆ ಜೀರ್ಣೋದ್ಧಾರವೆಂಬುದು ಹೇಗೆ ಉಂಟೋ ಹಳೆಯ ಮೋಟಾರು ಗಾಡಿಗೂ ಹಾಗೆಯೇ ಉಂಟು. ಮೂಲದ ಶಿಲ್ಪವನ್ನು ಕೆಡಿಸದೆ ಶಿಥಿಲವಾದುದನ್ನು ಮಾತ್ರ ತೆಗೆದು ಹೊಸದನ್ನು ಕೂಡಿಸುವುದು ಎರಡು ಕಾರ್ಯಗಳಿಗೂ ಸಮಾನವಾದ ಧರ್ಮ. ಆದರೆ ಒಂದು ಭೇದವಿದೆ. ದೇವಾಲಯವು ನಿಂತಲ್ಲಿಯೇ ನಿಂತಿರುತ್ತದೆ, ಗಾಡಿಯಾದರೋ ಓಡುತ್ತದೆ. ಓಡುವ ವಸ್ತುವು ನಿಲ್ಲಬೇಕಾದ ಸಮಯದಲ್ಲಿ ನಿಲ್ಲದೆ ಹೋದರೆ ಅದರ ದಂಡವನ್ನು ಒಡೆಯನೊಬ್ಬನೇ ತೆರುವುದಿಲ್ಲ, ದಾರಿಯಲ್ಲಿ ನಡೆಯುವ ನಿರಪರಾಧಿಯೂ ತೆರಬೇಕಾಗುತ್ತದೆ. ಆದುದರಿಂದ ಬಣ್ಣ, ಹೊಳಪು, ಚರ್ಮದ ಆಸನ ಇವುಗಳ ಮಾತನ್ನು ಬದಿಗಿಟ್ಟು, ಗಾಡಿಯನ್ನು ನಿಲ್ಲಿಸುವ ಬ್ರೇಕು, ಎಣ್ಣೆಯನ್ನು ಒಳಗೂ ಮಳೆಯ ನೀರನ್ನು ಹೊರಗೂ ಇರಿಸುವ ಸೀಲು, ದಾರಿಯನ್ನು ಕಾಣಿಸುವ ವೈಪರು, ಈ ಮೂರನ್ನು ಕುರಿತು ಈ ದಿನ ವಿಚಾರ ಮಾಡೋಣ.

ಮಾತಿಗೊಂದು ನೆಲೆ ಬೇಕು. ಅದಕ್ಕಾಗಿ ಇಂಗ್ಲೆಂಡಿನ ಅಬಿಂಗ್ಡನ್ ಪಟ್ಟಣದಲ್ಲಿ 1962ರಿಂದ 1980ರವರೆಗೆ ತಯಾರಾದ ಎಂ.ಜಿ.ಬಿ. ಎಂಬ ಕ್ರೀಡಾವಾಹನವನ್ನು ತೆಗೆದುಕೊಳ್ಳೋಣ. ಐದು ಲಕ್ಷಕ್ಕೂ ಮೀರಿ ತಯಾರಾದ ಈ ಗಾಡಿಗಳಲ್ಲಿ ಎಷ್ಟೋ ಇಂದಿಗೂ ಉಳಿದಿವೆ, ಬಿಡಿಭಾಗಗಳು ದೊರೆಯುತ್ತವೆ, ರಚನೆಯೂ ಸರಳವಾದುದು. ಕೈಯಲ್ಲಿ ಸ್ಪ್ಯಾನರನ್ನೂ ಮನಸ್ಸಿನಲ್ಲಿ ತಾಳ್ಮೆಯನ್ನೂ ಹಿಡಿದವನಿಗೆ ಇದು ಒಳ್ಳೆಯ ಪಾಠಶಾಲೆ.

ಮೊದಲು ಬ್ರೇಕಿನ ತತ್ತ್ವವನ್ನು ತಿಳಿಯಬೇಕು. ಮುಚ್ಚಿದ ಪಾತ್ರೆಯಲ್ಲಿರುವ ದ್ರವದ ಮೇಲೆ ಒಂದು ಕಡೆ ಹಾಕಿದ ಒತ್ತಡವು ಎಲ್ಲ ಕಡೆಗೂ ಸಮನಾಗಿ ಹರಡುತ್ತದೆಂದು ಹದಿನೇಳನೆಯ ಶತಮಾನದಲ್ಲಿ ಫ್ರಾನ್ಸಿನ ಪಾಸ್ಕಲನು ತೋರಿಸಿಕೊಟ್ಟನು. ಆ ತತ್ತ್ವವು ಮೋಟಾರು ಗಾಡಿಯ ನಾಲ್ಕು ಚಕ್ರಗಳಿಗೂ ಬಂದುದು 1921ರಲ್ಲಿ, ಅಮೆರಿಕದ ಡ್ಯೂಸೆನ್‌ಬರ್ಗ್ ಗಾಡಿಯಲ್ಲಿ. ಕಾಲಿನಿಂದ ಪೆಡಲನ್ನು ಒತ್ತಿದರೆ ಮುಖ್ಯ ಸಿಲಿಂಡರಿನ ಪಿಸ್ಟನು ದ್ರವವನ್ನು ನೂಕುತ್ತದೆ. ದ್ರವವು ಕೊಳವೆಗಳ ಮೂಲಕ ಚಕ್ರಗಳನ್ನು ಮುಟ್ಟುತ್ತದೆ. ಎಂ.ಜಿ.ಬಿ.ಯಲ್ಲಿ ಮುಂದಿನ ಚಕ್ರಗಳಿಗೆ ಹತ್ತು ಮುಕ್ಕಾಲು ಅಂಗುಲದ ಡಿಸ್ಕುಗಳೂ ಹಿಂದಿನವಕ್ಕೆ ಹತ್ತು ಅಂಗುಲದ ಡ್ರಮ್ಮುಗಳೂ ಉಂಟು. ಮೊದಲ ವರ್ಷಗಳ ಗಾಡಿಗಳಲ್ಲಿ ನಾಲ್ಕು ಚಕ್ರಗಳಿಗೂ ದ್ರವದ ಮಾರ್ಗ ಒಂದೇ. ಎಲ್ಲಾದರೂ ಒಂದು ಕಡೆ ಅದು ಒಡೆದರೆ ನಾಲ್ಕು ಚಕ್ರಗಳ ಬ್ರೇಕೂ ಒಮ್ಮೆಗೇ ಹೋಗುತ್ತದೆ. ಉಳಿಯುವುದು ಕೈಬ್ರೇಕು ಮಾತ್ರ. ಅಲ್ಪ ಬೆಲೆಯ ರಬ್ಬರಿನ ಬಿಲ್ಲೆಯೊಂದರ ಮೇಲೆ ನಮ್ಮ ಪ್ರಾಣವು ನಿಂತಿದೆಯೆಂಬುದು ಅಲಂಕಾರದ ಮಾತಲ್ಲ.

ಆ ರಬ್ಬರಿನ ಶತ್ರು ಯಾವುದು? ಮೊದಲನೆಯದಾಗಿ, ಅಜ್ಞಾನದಿಂದ ಸುರಿದ ಎಣ್ಣೆ. ಜನರು ಬ್ರೇಕ್ ಆಯಿಲ್ ಎಂದು ಕರೆದರೂ ಈ ಗಾಡಿಯ ಬ್ರೇಕಿನ ದ್ರವವು ಎಣ್ಣೆಯಲ್ಲ. ಗ್ಲೈಕಾಲ್ ಜಾತಿಯ ರಾಸಾಯನಿಕ. ಹೆಸರನ್ನು ನಂಬಿ ಎಂಜಿನ್ ಎಣ್ಣೆಯನ್ನು ಹಾಕಿದರೆ, ಅಥವಾ ಭಾಗಗಳನ್ನು ಸೀಮೆಎಣ್ಣೆಯಲ್ಲಿಯೋ ಪೆಟ್ರೋಲಿನಲ್ಲಿಯೋ ತೊಳೆದರೆ ಸೀಲುಗಳು ಊದಿಕೊಂಡು ಮೆತ್ತಗಾಗಿ ಕೆಡುತ್ತವೆ. ಎರಡನೆಯ ಶತ್ರು ನೀರು. ಗ್ಲೈಕಾಲ್ ದ್ರವವು ಗಾಳಿಯ ತೇವವನ್ನು ಉಪ್ಪಿನಂತೆ ಹೀರುತ್ತದೆ. ಡಾಟ್ 4 ಎಂಬ ದರ್ಜೆಯ ದ್ರವವು ಹೊಸದಾಗಿರುವಾಗ 230 ಡಿಗ್ರಿ ಸೆಂಟಿಗ್ರೇಡಿಗೆ ಕಡಿಮೆಯಿಲ್ಲದ ಕುದಿಬಿಂದುವನ್ನು ಹೊಂದಿರಬೇಕು, ನೂರಕ್ಕೆ 3.7 ಭಾಗ ನೀರು ಸೇರಿದ ಸ್ಥಿತಿಯಲ್ಲಿ ಅದರಿಂದ ನಿರೀಕ್ಷಿಸುವುದು 155 ಡಿಗ್ರಿ ಮಾತ್ರ. ಘಟ್ಟದ ಇಳಿಜಾರಿನಲ್ಲಿ ಡಿಸ್ಕು ಕಾದು ದ್ರವವು ಕುದಿದು ಆವಿಯಾದರೆ ಪೆಡಲು ನೆಲಕ್ಕೆ ಹೋಗುತ್ತದೆ, ಗಾಡಿ ನಿಲ್ಲುವುದಿಲ್ಲ. ಎರಡು ವರ್ಷಕ್ಕೊಮ್ಮೆ ದ್ರವವನ್ನು ಪೂರ್ತಿಯಾಗಿ ಬದಲಾಯಿಸತಕ್ಕದ್ದು ಎಂಬ ವಿಧಿಗೆ ಕಾರಣವಿದೇ. ಡಾಟ್ 5 ಎಂಬ ಸಿಲಿಕೋನ್ ದ್ರವವು ನೀರನ್ನು ಹೀರದು, ಬಣ್ಣವನ್ನು ಕಿತ್ತುಹಾಕದು. ಆದರೆ ಗ್ಲೈಕಾಲಿನೊಂದಿಗೆ ಕೂಡದು. ಅದನ್ನು ಬಯಸುವವರು ಹಳೆಯದನ್ನೆಲ್ಲ ತೊಳೆದು ಹೊಸ ಸೀಲುಗಳನ್ನು ಕೂಡಿಸಿದ ಮೇಲೆಯೇ ಹಾಕಬೇಕು.

ಇನ್ನು ದೋಷಗಳ ಪರೀಕ್ಷೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರೆಂಬ ಗಾದೆಯು ಮೋಟಾರು ರಿಪೇರಿಗೆ ಬಹಳವಾಗಿ ಒಪ್ಪುತ್ತದೆ. ದೋಷವು ಕಾಣಿಸಿಕೊಳ್ಳುವ ಸ್ಥಳ ಒಂದು, ಹುಟ್ಟುವ ಸ್ಥಳ ಮತ್ತೊಂದು. ಆದಕಾರಣ ಭಾಗಗಳನ್ನು ಕೊಳ್ಳುವುದಕ್ಕೆ ಮುಂಚೆ ಪೆಡಲನ್ನೇ ಪ್ರಶ್ನಿಸಬೇಕು. ಕಾಲಿಗೆ ಪೆಡಲು ಸ್ಪಂಜಿನಂತೆ ಮೆತ್ತಗಿದ್ದರೆ ಕೊಳವೆಯಲ್ಲಿ ಗಾಳಿ ಸೇರಿದೆಯೆಂದು ಅರ್ಥ, ಅದನ್ನು ಹೊರಡಿಸಬೇಕು. ಮೊದಲ ಒತ್ತಿಗೆ ಕೆಳಗೆ ಹೋಗಿ ಎರಡು ಮೂರು ಸಲ ಒತ್ತಿದ ಮೇಲೆ ಎದ್ದು ಗಟ್ಟಿಯಾದರೆ ಸಾಮಾನ್ಯವಾಗಿ ಹಿಂದಿನ ಡ್ರಮ್ಮಿನೊಳಗಿನ ಷೂಗಳು ದೂರವಾಗಿರುತ್ತವೆ; ಹಿಂಬದಿಯ ತಟ್ಟೆಯಲ್ಲಿರುವ ಚೌಕತಲೆಯ ತಿರುಪನ್ನು ಚಕ್ರವು ಬಿಗಿಯುವವರೆಗೆ ತಿರುಗಿಸಿ, ಆ ಮೇಲೆ ಚಕ್ರ ಬಿಡುವಾಗುವಷ್ಟು ಮಾತ್ರ ಸಡಿಲಿಸಬೇಕು. ಒಂದೇ ಸಮನಾಗಿ ಒತ್ತಿ ಹಿಡಿದಾಗ ಪೆಡಲು ಮೆಲ್ಲಮೆಲ್ಲನೆ ಇಳಿಯುತ್ತಾ ಹೋಗಿ, ಹೊರಗೆಲ್ಲಿಯೂ ತೊಟ್ಟು ದ್ರವವೂ ಕಾಣದಿದ್ದರೆ, ಮುಖ್ಯ ಸಿಲಿಂಡರಿನ ಸೀಲು ಒಳಗೊಳಗೇ ದ್ರವವನ್ನು ಹಿಂದಕ್ಕೆ ಬಿಡುತ್ತಿದೆ.

ಇದಕ್ಕಿಂತಲೂ ಮೋಸಗಾರ ದೋಷವೊಂದುಂಟು. ಪೆಡಲನ್ನು ಬಿಟ್ಟ ಮೇಲೂ ಮುಂದಿನ ಚಕ್ರವೊಂದು ಹಿಡಿದುಕೊಂಡೇ ಇರುತ್ತದೆ, ಡಿಸ್ಕು ಕಾಯುತ್ತದೆ, ಗಾಡಿ ಪಕ್ಕಕ್ಕೆ ಎಳೆಯುತ್ತದೆ. ಅವಸರದವನು ಕೂಡಲೆ ಕ್ಯಾಲಿಪರನ್ನು ಬಿಚ್ಚುತ್ತಾನೆ. ವಿವೇಕಿಯು ಹಾಗೆ ಮಾಡದೆ ಮೂರು ಹೆಜ್ಜೆಯ ಪರೀಕ್ಷೆಯನ್ನು ನಡಸುತ್ತಾನೆ. ಚಕ್ರವನ್ನು ಮೇಲಕ್ಕೆತ್ತಿ ಭದ್ರವಾದ ಆಧಾರದ ಮೇಲೆ ನಿಲ್ಲಿಸಿ, ಲೋಹದ ಕೊಳವೆಯು ರಬ್ಬರ್ ಕೊಳವೆಯನ್ನು ಸೇರುವಲ್ಲಿ ಮೊದಲು ಸಡಿಲಿಸಬೇಕು. ಆಗ ಚಕ್ರವು ಬಿಡುವಾದರೆ ದೋಷವು ಅಲ್ಲಿಂದ ಮೇಲೆ, ಎಂದರೆ ಮುಖ್ಯ ಸಿಲಿಂಡರಿನಲ್ಲಿದೆ. ಪೆಡಲಿನ ಕಡ್ಡಿಗೆ ಸ್ವಲ್ಪ ಸಡಿಲವಿಲ್ಲದೆ ಪಿಸ್ಟನು ಪೂರ್ತಿ ಹಿಂದಿರುಗದೆ ಒತ್ತಡವು ಸೆರೆಯಾಗಿರುವುದು ಇದರಲ್ಲಿ ಸಾಮಾನ್ಯ. ಬಿಡುವಾಗದಿದ್ದರೆ ಕ್ಯಾಲಿಪರಿನ ಗಾಳಿ ತೆಗೆಯುವ ತಿರುಪನ್ನು ಸಡಿಲಿಸಬೇಕು. ಈಗ ಬಿಡುವಾದರೆ ಅಪರಾಧಿಯು ನಡುವಿನ ರಬ್ಬರ್ ಕೊಳವೆ. ಹೊರಗೆ ಚೆನ್ನಾಗಿ ಕಂಡರೂ ಅದರ ಒಳಗೋಡೆ ಊದಿ, ಕಾಲಿನ ಬಲದಿಂದ ಬರುವ ದ್ರವವನ್ನು ಹೋಗಗೊಟ್ಟು, ತಿರುಗಿ ಬರಗೊಡುವುದಿಲ್ಲ. ಎರಡಕ್ಕೂ ಬಗ್ಗದಿದ್ದರೆ ಮಾತ್ರ ಕ್ಯಾಲಿಪರಿನ ಪಿಸ್ಟನು ತುಕ್ಕಿನಿಂದ ಕಚ್ಚಿಕೊಂಡಿದೆಯೆಂದು ತಿಳಿದು ಅದನ್ನು ಬಿಚ್ಚಬೇಕು. ಮೂಲದ ಪಿಸ್ಟನುಗಳು ಕ್ರೋಮ್ ಲೇಪದ ಉಕ್ಕಿನವು; ಲೇಪ ಚುಕ್ಕೆಚುಕ್ಕೆಯಾಗಿ ಎದ್ದಿದ್ದರೆ ತುಕ್ಕು ಹಿಡಿಯದ ಉಕ್ಕಿನವನ್ನು ಹಾಕುವುದು ಲೇಸು. ಹೀಗೆ ಕಾಲುಗಂಟೆಯ ಪರೀಕ್ಷೆಯು ಒಂದು ತಿಂಗಳ ಊಹೆಯನ್ನು ಉಳಿಸುತ್ತದೆ. ಸಡಿಲಿಸಿದ ಸಂದುಗಳನ್ನು ಬಿಗಿದು ಗಾಳಿಯನ್ನು ತೆಗೆಯದೆ ಗಾಡಿಯನ್ನು ಅಲುಗಿಸಕೂಡದೆಂದು ಬೇರೆ ಹೇಳಬೇಕಾಗಿಲ್ಲ.

ಹಿಂದಿನ ಡ್ರಮ್ಮನ್ನು ತೆಗೆದಾಗ ಒಳಗೆ ಒದ್ದೆಯಾಗಿದ್ದರೆ ಅಲ್ಲಿಯೂ ಎರಡು ಕಾರಣಗಳನ್ನು ಬೇರ್ಪಡಿಸಬೇಕು. ತೆಳ್ಳಗಿದ್ದು ನೀರಿನಲ್ಲಿ ತೊಳೆದುಹೋಗುವುದು ಬ್ರೇಕಿನ ದ್ರವ. ಅದು ಚಕ್ರದ ಸಿಲಿಂಡರಿನ ಸೀಲಿನಿಂದ ಬಂದುದು. ದಪ್ಪನಾಗಿ ಜಿಡ್ಡಾಗಿ ಗಂಧಕದ ವಾಸನೆಯುಳ್ಳದ್ದು ಹಿಂದಿನ ಅಚ್ಚಿನ ಎಣ್ಣೆ. ಅದು ಅಚ್ಚಿನ ತುದಿಯ ಸೀಲನ್ನು ದಾಟಿ ಬಂದಿದೆ. ಎರಡನೆಯದಾದರೆ ಹೊಸ ಸೀಲನ್ನು ಹಾಕುವ ಮುಂಚೆ ಅಚ್ಚಿನ ಉಸಿರುಗೊಳವೆ ಮಣ್ಣಿನಿಂದ ಮುಚ್ಚಿದೆಯೋ ಎಂದು ನೋಡಬೇಕು. ಅದು ಮುಚ್ಚಿದ್ದರೆ ಒಳಗಿನ ಗಾಳಿ ಕಾದು ಹಿಗ್ಗಿ ಎಣ್ಣೆಯನ್ನು ಹೊಸ ಸೀಲಿನ ಮೂಲಕವೂ ತಳ್ಳುತ್ತದೆ. ಎಣ್ಣೆ ಕುಡಿದ ಷೂಗಳನ್ನು ತೊಳೆದು ಮತ್ತೆ ಹಾಕುವುದು ಮಿತವ್ಯಯವಲ್ಲ, ಅಪಾಯ. ಇಲ್ಲಿಯೇ ಇನ್ನೊಂದು ಎಚ್ಚರಿಕೆ: ಹಳೆಯ ಷೂಗಳಲ್ಲಿ ಆಸ್ಬೆಸ್ಟಾಸ್ ಇರುವುದುಂಟು. ಅದರ ಪುಡಿಯು ಶ್ವಾಸಕೋಶಕ್ಕೆ ಮಾರಕವಾದುದರಿಂದ ಬ್ರಿಟನ್ನಿನಲ್ಲಿ 1999ರಲ್ಲಿ ಅದರ ಬಳಕೆಯನ್ನು ನಿಷೇಧಿಸಿದರು. ಡ್ರಮ್ಮಿನ ಧೂಳನ್ನು ಬಾಯಿಂದಾಗಲಿ ಪಂಪಿನಿಂದಾಗಲಿ ಊದದೆ, ಮುಖಕ್ಕೆ ತಕ್ಕ ರಕ್ಷೆಯನ್ನು ಧರಿಸಿ, ಒದ್ದೆಬಟ್ಟೆಯಿಂದ ಒರಸಿ ತೆಗೆಯಬೇಕು.

ಈಗ ಮಳೆಯನ್ನು ತಡೆಯುವ ಸೀಲುಗಳಿಗೆ ಬರೋಣ. ನೆಲಹಾಸು ಸ್ವಲ್ಪ ಒದ್ದೆಯಾದರೆ ಏನು ಮಹಾ ಎಂದು ಕೇಳುವವರಿದ್ದಾರೆ. ಎಂ.ಜಿ.ಬಿ.ಗೆ ಪ್ರತ್ಯೇಕವಾದ ಚೌಕಟ್ಟಿಲ್ಲ, ಮೈಯೇ ಚೌಕಟ್ಟು. ಬಾಗಿಲ ಕೆಳಗಿನ ತಗಡಿನ ತೊಲೆಗಳೂ ನೆಲವೂ ಗಾಡಿಯ ಬೆನ್ನೆಲುಬು. ನೆಲಹಾಸಿನ ಕೆಳಗೆ ನಿಂತ ನೀರು ಆ ಬೆನ್ನೆಲುಬನ್ನೇ ತಿನ್ನುತ್ತದೆ. ಮೇಲೆ ಥಳಕು, ಒಳಗೆ ಹುಳುಕು ಎಂಬುದಕ್ಕೆ ಇಂತಹ ಗಾಡಿಗಿಂತ ಒಳ್ಳೆಯ ಉದಾಹರಣೆ ಸಿಕ್ಕದು.

ಸೋರುವ ಜಾಗವನ್ನು ಹುಡುಕುವುದಕ್ಕೆ ಒಬ್ಬರು ಒಳಗೆ ದೀಪ ಹಿಡಿದು ಕುಳಿತುಕೊಳ್ಳಬೇಕು. ಮತ್ತೊಬ್ಬರು ಹೊರಗಿನಿಂದ ಮೆಲ್ಲನೆ ನೀರು ಬಿಡುತ್ತಾ, ಕೆಳಗಿನಿಂದ ಆರಂಭಿಸಿ ಸ್ವಲ್ಪಸ್ವಲ್ಪವಾಗಿ ಮೇಲಕ್ಕೆ ಬರಬೇಕು. ಮೇಲಿನಿಂದ ಸುರಿದರೆ ನೀರು ಎಲ್ಲ ಕಡೆಗೂ ಹರಿದು ಯಾವ ಸಂದಿನಿಂದ ಬಂತೆಂಬುದು ತಿಳಿಯದು. ಬಾಗಿಲಿನ ರಬ್ಬರನ್ನು ಪರೀಕ್ಷಿಸಲು ಕಾಗದದ ಚೂರೊಂದನ್ನು ಇಟ್ಟು ಬಾಗಿಲು ಮುಚ್ಚಿ ಎಳೆಯಿರಿ. ಬಿಗಿತವಿಲ್ಲದೆ ಜಾರಿ ಬಂದ ಕಡೆ ರಬ್ಬರು ಒತ್ತುತ್ತಿಲ್ಲ. ಆದರೆ ಹೊಸ ರಬ್ಬರಿಗೆ ಆಜ್ಞೆಯಿಡುವ ಮುಂಚೆ ಬಾಗಿಲೇ ಕೀಲಿನಲ್ಲಿ ಜೋತಿದೆಯೋ ನೋಡಬೇಕು. ಇನ್ನೊಂದು ಮಾತು: ಗಾಜಿನ ಮುಂದಿನ ಗಾಳಿಯ ಗೂಡಿಗೆ ಬಿದ್ದ ಮಳೆನೀರು ಹೊರಗೆ ಹೋಗಲು ಕೆಳಗೊಂದು ಕೊಳವೆಯಿದೆ. ಎಲೆ ಕಸಗಳಿಂದ ಅದು ಕಟ್ಟಿಕೊಂಡರೆ ನೀರು ತುಂಬಿ ಒಳಗಿಳಿಯುತ್ತದೆ. ಒಡೆಯನು ನಿರ್ದೋಷಿಯಾದ ಗಾಜಿನ ರಬ್ಬರನ್ನು ಶಪಿಸುತ್ತಾನೆ. ವೈಪರಿನ ದಂಡವು ಮೈಯನ್ನು ತೂರಿ ಬರುವ ರಂಧ್ರದ ಚಿಕ್ಕ ರಬ್ಬರು ಸೀಳಿದ್ದರೂ ಫಲವು ಅದೇ.

ವೈಪರಿನ ಮಾತು ಬಂದಿತು. ಗಾಜನ್ನು ಒರಸುವ ಸಾಧನಕ್ಕೆ 1903ರಲ್ಲಿ ಅಮೆರಿಕದಲ್ಲಿ ಪೇಟೆಂಟು ಪಡೆದವಳು ಮೇರಿ ಆಂಡರ್ಸನ್ ಎಂಬ ಮಹಿಳೆ. ಅದನ್ನು ಒಳಗಿನಿಂದ ಕೈಯಲ್ಲಿ ಆಡಿಸಬೇಕಾಗಿತ್ತು. ಎಂ.ಜಿ.ಬಿ.ಯಲ್ಲಿ ವಿದ್ಯುತ್ ಮೋಟಾರು ಒಂದು ಕಡೆ ಇದ್ದು, ತಂತಿ ಸುತ್ತಿದ ಉಕ್ಕಿನ ಹುರಿಯು ಕೊಳವೆಯೊಳಗೆ ಹಿಂದೆ ಮುಂದೆ ಸರಿಯುತ್ತಾ, ಹಲ್ಲುಗಾಲಿಗಳನ್ನು ತಿರುಗಿಸಿ ಕೈಗಳನ್ನು ಆಡಿಸುತ್ತದೆ. ವೈಪರು ನಿಧಾನವಾದರೆ ಎಲ್ಲರೂ ಮೋಟಾರನ್ನೇ ದೂರುತ್ತಾರೆ. ಪರೀಕ್ಷೆಯ ಕ್ರಮ ಹೀಗೆ: ಹುರಿಯನ್ನು ಮೋಟಾರಿನಿಂದ ಬಿಡಿಸಿ ಮೋಟಾರನ್ನು ಒಂಟಿಯಾಗಿ ನಡಸಬೇಕು. ಲವಲವಿಕೆಯಿಂದ ತಿರುಗಿದರೆ ಮೋಟಾರು ಬಹುಮಟ್ಟಿಗೆ ನಿರ್ದೋಷಿ. ದೋಷವು ಹುರಿಯಲ್ಲಿಯೋ ಹಲ್ಲುಗಾಲಿಯಲ್ಲಿಯೋ ಇದೆ. ಹತ್ತಾರು ವರ್ಷಗಳ ಹಳೆಯ ಗ್ರೀಸು ಅರಗಿನಂತೆ ಗಟ್ಟಿಯಾಗಿರುವುದೇ ಹೆಚ್ಚು. ಹುರಿಯನ್ನೆಳೆದು ತೊಳೆದು ಹೊಸ ಗ್ರೀಸು ಹಚ್ಚಿದರೆ ಸಾಕು. ಒಂಟಿಯಾಗಿಯೂ ತೆವಳಿದರೆ, ಮೋಟಾರು ನಡೆಯುತ್ತಿರುವಾಗ ಅದರ ಬಾಯಲ್ಲಿ ಎಷ್ಟು ವೋಲ್ಟಿದೆಯೆಂದು ಅಳೆಯಿರಿ. ಬ್ಯಾಟರಿಗಿಂತ ಬಹಳ ಕಡಿಮೆಯಾಗಿದ್ದರೆ ಮೋಟಾರನ್ನು ಮುಟ್ಟದೆ ಸ್ವಿಚ್ಚನ್ನೂ ತಂತಿಗಳ ಸಂದುಗಳನ್ನೂ ಶುದ್ಧಮಾಡಬೇಕು; ತುಕ್ಕಿನ ಮೇಲೆ ಕೂತ ಭೂಸಂಪರ್ಕವು ಎಷ್ಟೋ ಒಳ್ಳೆಯ ಮೋಟಾರುಗಳಿಗೆ ಅಪಕೀರ್ತಿ ತಂದಿದೆ. 1967ರವರೆಗಿನ ಎಂ.ಜಿ.ಬಿ.ಗಳಲ್ಲಿ ಬ್ಯಾಟರಿಯ ಧನಾಗ್ರವು ಮೈಗೆ ಕೂಡಿರುತ್ತಿತ್ತೆಂಬುದನ್ನು ಅಳೆಯುವವರು ನೆನಪಿಡಬೇಕು. ಹಲ್ಲುಗಾಲಿಯು ಸವೆದು ಕೈಗಳು ಸಡಿಲವಾಗಿ ಆಡಿದರೆ ಒಂದು ಉಪಾಯವುಂಟು: ಗಾಲಿಯ ಹಲ್ಲುಗಳಲ್ಲಿ ಒಂದು ಪಾರ್ಶ್ವ ಮಾತ್ರ ದುಡಿದಿರುತ್ತದೆ, ಅರ್ಧ ಸುತ್ತು ತಿರುಗಿಸಿ ಕೂಡಿಸಿದರೆ ಹೊಸ ಹಲ್ಲುಗಳು ಕೆಲಸಕ್ಕೆ ಬರುತ್ತವೆ. ಒಣಗಿದ ಗಾಜಿನ ಮೇಲೆ ಮಾತ್ರ ಪರೀಕ್ಷೆ ಬೇಡ. ಗಾಜಿಗೂ ರಬ್ಬರಿಗೂ ಮೋಟಾರಿಗೂ ಅದು ಹಾನಿ.

ಇಷ್ಟರಿಂದ ಹೊರಡುವ ಸಾರವೇನು? ಮೂರು ವಿಷಯಗಳಲ್ಲಿಯೂ ಮಾರ್ಗವು ಒಂದೇ. ಒಂದು ಸಲಕ್ಕೆ ಒಂದನ್ನೇ ಬಿಡಿಸಿ ನೋಡಿ, ನಿರ್ದೋಷಿಯನ್ನು ಬಿಟ್ಟು, ದೋಷಿಯನ್ನು ಹಿಡಿಯುವುದು. ನಾಲ್ಕು ಭಾಗಗಳನ್ನು ಒಟ್ಟಿಗೆ ಬದಲಾಯಿಸಿದವನ ಗಾಡಿ ಸರಿಹೋದರೂ ಅವನಿಗೆ ರೋಗವು ತಿಳಿದಿರುವುದಿಲ್ಲ. ಅದು ಮರಳಿ ಬಂದಾಗ ಅವನು ಮೊದಲಿನಷ್ಟೇ ಅಸಹಾಯಕ. ಕ್ರಮವನ್ನೂ ಮರೆಯಬಾರದು: ಮೊದಲು ನಿಲ್ಲುವುದನ್ನು ಕಲಿಸಬೇಕು, ಆ ಮೇಲೆ ನೀರನ್ನು ತಡೆಯುವುದನ್ನು, ಮಳೆಯಲ್ಲಿ ನೋಡುವುದನ್ನು, ಬಣ್ಣವು ಕಟ್ಟಕಡೆಯದು. ಕೆಲಸ ಮುಗಿದ ಮೇಲೆ ಗಾಡಿ ನಿಂತಿರುವಾಗಲೇ ಪೆಡಲನ್ನು ಒಂದು ನಿಮಿಷ ಬಲವಾಗಿ ಒತ್ತಿ ಹಿಡಿದು, ಪ್ರತಿಯೊಂದು ಸಂದನ್ನೂ ಒಣಬಟ್ಟೆಯಿಂದ ಒರಸಿ ನೋಡಿ, ಜನಸಂಚಾರವಿಲ್ಲದ ಸಮತಟ್ಟಾದ ಜಾಗದಲ್ಲಿ ನಡಿಗೆಯ ವೇಗದಿಂದ ಪರೀಕ್ಷೆಯನ್ನು ಆರಂಭಿಸತಕ್ಕದ್ದು. ಬ್ರೇಕಿನಲ್ಲಿ ಸ್ವಂತ ಕೈಗೆ ಧೈರ್ಯ ಸಾಲದವರು ಬಲ್ಲವರಿಂದ ಒಮ್ಮೆ ಪರೀಕ್ಷೆ ಮಾಡಿಸುವುದರಲ್ಲಿ ನಾಚಿಕೆಯೇನೂ ಇಲ್ಲ. ಹಳೆಯ ಗಾಡಿಯನ್ನು ಪ್ರೀತಿಸುವ ನಮಗೆ ಅದು ಸುಂದರವಾಗಿರುವುದು ಸಂತೋಷ. ಅದು ಕರೆದಲ್ಲಿ ನಿಲ್ಲುವುದು ದಾರಿಯ ಜನರಿಗೆ ನಾವು ಸಲ್ಲಿಸಬೇಕಾದ ಋಣವೆಂದು ಅರಿಕೆ ಮಾಡಿ ಮಾತನ್ನು ಮುಗಿಸುತ್ತೇವೆ.