ಚಾರ್ಲ್ಸ್ ಚೆಸ್ನಟ್: ಮನೆಯೊಳಗಿನ ವರ್ಣಭೇದವನ್ನು ಬರೆದ ಕಾದಂಬರಿಕಾರ

ಅನ್ಯಾಯಕ್ಕೆ ಗುರಿಯಾದ ಸಮಾಜವು ತನ್ನೊಳಗಿನ ಅನ್ಯಾಯವನ್ನು ಕಾಣಬಲ್ಲದೇ? ಈ ಪ್ರಶ್ನೆಯನ್ನು ನಿರ್ಭೀತಿಯಿಂದ ಎತ್ತಿದವರು ಆಫ್ರಿಕನ್-ಅಮೆರಿಕನ್ ಕಾದಂಬರಿಕಾರ ಚಾರ್ಲ್ಸ್ ಚೆಸ್ನಟ್.

1858ರಲ್ಲಿ ಕ್ಲೀವ್‌ಲ್ಯಾಂಡ್‌ನಲ್ಲಿ ಜನಿಸಿದ ಅವರು ಬೆಳೆದದ್ದು ಉತ್ತರ ಕೆರೊಲಿನಾದ ಫಯೆಟ್‌ವಿಲ್‌ನಲ್ಲಿ. ಅಧ್ಯಾಪಕರಾಗಿದ್ದಾಗಲೇ ಶೀಘ್ರಲಿಪಿಯನ್ನು ಕಲಿತರು. 1887ರಲ್ಲಿ ಓಹಾಯೊದ ವಕೀಲಿ ಪರೀಕ್ಷೆಯಲ್ಲಿ ಉತ್ತೀರ್ಣರಾಗಿ, ನ್ಯಾಯಾಲಯದ ಕಲಾಪಗಳನ್ನು ಶೀಘ್ರಲಿಪಿಯಲ್ಲಿ ದಾಖಲಿಸುವ ಸ್ವಂತ ಸಂಸ್ಥೆಯನ್ನು ಕಟ್ಟಿದರು. ಅವರ ಮೈಬಣ್ಣ ಎಷ್ಟು ತಿಳಿಯಾಗಿತ್ತೆಂದರೆ ಬಿಳಿಯರೆಂದೇ ಬಾಳಬಹುದಾಗಿತ್ತು. ಆ ಸುಲಭದ ದಾರಿಯನ್ನು ಅವರು ಹಿಡಿಯಲಿಲ್ಲ.

1898ರಲ್ಲಿ ಪ್ರಕಟವಾದ ‘ದಿ ವೈಫ್ ಆಫ್ ಹಿಸ್ ಯೂತ್’ ಕಥೆಯಲ್ಲಿ ತಿಳಿಬಣ್ಣದ ಕರಿಯರದೇ ಒಂದು ಸಂಘವಿದೆ. ಅದರ ಮುಂದಾಳು ರೈಡರ್ ತನಗಿಂತ ತಿಳಿಬಣ್ಣದ ವಿಧವೆಯೊಬ್ಬಳನ್ನು ವರಿಸಲು ಸಿದ್ಧನಾಗಿದ್ದಾನೆ. ಅದೇ ದಿನ ಕಡುಗಪ್ಪು ವರ್ಣದ ವೃದ್ಧೆಯೊಬ್ಬಳು ತನ್ನ ಪತಿಯನ್ನು ಹುಡುಕುತ್ತ ಅವನ ಮನೆಗೆ ಬರುತ್ತಾಳೆ. ಪತಿಯನ್ನು ಮಾರಲಿರುವರೆಂದು ಎಚ್ಚರಿಸಿ ಅವನನ್ನು ಪಾರುಮಾಡಿದವಳು, ಇಪ್ಪತ್ತೈದು ವರ್ಷಗಳಿಂದ ಅರಸುತ್ತಿದ್ದಾಳೆ. ಆ ಪತಿ ರೈಡರನೇ! ಗುಲಾಮಗಿರಿಯ ಕಾಲದ ಆ ವಿವಾಹವು ಕಾನೂನಿನ ದೃಷ್ಟಿಯಲ್ಲಿ ಅವನನ್ನು ಬಂಧಿಸದು. ಆದರೂ ತುಂಬಿದ ಸಭೆಯಲ್ಲಿ ಅವಳನ್ನು ತನ್ನ ಪತ್ನಿಯೆಂದು ಪರಿಚಯಿಸುತ್ತಾನೆ.

ತಮ್ಮವರ ದೋಷವನ್ನು ಹೇಳಿದ ಚೆಸ್ನಟ್ ಪರರ ದೌರ್ಜನ್ಯವನ್ನೂ ಮರೆಮಾಚಲಿಲ್ಲ. 1898ರ ನವೆಂಬರಿನಲ್ಲಿ ವಿಲ್ಮಿಂಗ್ಟನ್ ನಗರದಲ್ಲಿ ಸಶಸ್ತ್ರ ಬಿಳಿಯರು ಕರಿಯರನ್ನು ಕೊಂದು, ಚುನಾಯಿತ ನಗರಾಡಳಿತವನ್ನೇ ಉರುಳಿಸಿದರು. ಅದನ್ನು ಆಧರಿಸಿ 1901ರಲ್ಲಿ ‘ದಿ ಮ್ಯಾರೋ ಆಫ್ ಟ್ರೆಡಿಷನ್’ ಕಾದಂಬರಿಯನ್ನು ಬರೆದರು. ಬರವಣಿಗೆಯನ್ನೇ ನಂಬಿ 1899ರಲ್ಲಿ ತಮ್ಮ ಸಂಸ್ಥೆಯನ್ನು ಮುಚ್ಚಿದ್ದ ಅವರಿಗೆ ಆ ಕಾದಂಬರಿ ನಿರೀಕ್ಷಿತ ಆದಾಯವನ್ನು ತರಲಿಲ್ಲ. ಮತ್ತೆ ಶೀಘ್ರಲಿಪಿಯ ವೃತ್ತಿಗೇ ಮರಳಿದರು. 1905ರ ಕಾದಂಬರಿಯ ನಂತರ, 1932ರಲ್ಲಿ ನಿಧನರಾಗುವವರೆಗೆ, ಅವರ ಬೇರೆ ಕಾದಂಬರಿ ಪ್ರಕಟವಾಗಲಿಲ್ಲ. 1928ರಲ್ಲಿ ಸ್ಪಿಂಗಾರ್ನ್ ಪದಕವು ಅವರನ್ನು ಅರಸಿ ಬಂದಿತು.

ಲಾಭನಷ್ಟದ ಲೆಕ್ಕದಲ್ಲಿ ಇದು ಸೋಲೆಂದು ತೋರಬಹುದು. ಆದರೆ ಹೊರಗಿನ ಅನ್ಯಾಯವನ್ನು ಖಂಡಿಸಿದ ಲೇಖನಿಯಿಂದಲೇ ಒಳಗಿನ ದೋಷವನ್ನೂ ಬರೆದದ್ದು ಅವರ ಹಿರಿಮೆ. ಪ್ರತಿಕ್ರಮಣದಲ್ಲಿ ಶ್ರಾವಕನು ಎಣಿಸಿ ಒಪ್ಪಿಕೊಳ್ಳುವುದು ತನ್ನ ದೋಷಗಳನ್ನೇ ಹೊರತು ನೆರೆಯವನ ದೋಷಗಳನ್ನಲ್ಲ. ವಧೂವರರ ಪರಿಚಯಪತ್ರದಲ್ಲಿ ಇಂದಿಗೂ ಮೈಬಣ್ಣವನ್ನು ನಮೂದಿಸುವ ಯಾವ ಸಮಾಜಕ್ಕೂ ಈ ಕಥೆ ಪರಕೀಯವಲ್ಲ. ತುಂಬಿದ ಸಭೆಯಲ್ಲಿ ರೈಡರನು ತೋರಿದ ಧೈರ್ಯವನ್ನು ನಮ್ಮ ಸಭೆಗಳೂ ತೋರಲಿ.