ವಿಜ್ಞಾನ ವಿದ್ಯಾರ್ಥಿಗಳಿಗೆ ದತ್ತಾಂಶ ಶಿಕ್ಷಣ



ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಗಳ ಕಾಲೇಜುಗಳಲ್ಲಿ ವಿಜ್ಞಾನ ಪದವಿಗೆ ಓದುತ್ತಿರುವವರಲ್ಲಿ ಕನ್ನಡಿಗರ ಮಕ್ಕಳೂ ಇದ್ದಾರೆ. ಇವರಿಗೆ ಬೃಹತ್ ದತ್ತಾಂಶದ ವಿದ್ಯೆಯನ್ನು ಎಲ್ಲಿಂದ ಆರಂಭಿಸಬೇಕು? ಗಣಕಯಂತ್ರದಿಂದಲ್ಲ, ಮಳೆಯಿಂದ ಎಂಬುದು ನನ್ನ ಉತ್ತರ.

2005ರ ಜುಲೈ 26ರಿಂದ ಮರುದಿನ ಬೆಳಗಿನವರೆಗಿನ 24 ಗಂಟೆಗಳಲ್ಲಿ ಮುಂಬಯಿಯ ಸಾಂತಾಕ್ರೂಜ್ ಕೇಂದ್ರದಲ್ಲಿ 944 ಮಿಲಿಮೀಟರ್ ಮಳೆ ದಾಖಲಾಯಿತು. ಅದೇ ನಗರದ ದಕ್ಷಿಣ ತುದಿಯ ಕೊಲಾಬಾದಲ್ಲಿ ದಾಖಲಾದದ್ದು ಸುಮಾರು 73 ಮಿಲಿಮೀಟರ್ ಮಾತ್ರ. ಇವೆರಡರ ಸರಾಸರಿ ಸುಮಾರು 508. ಲೆಕ್ಕವೇನೋ ಸರಿ, ಆದರೆ ಅಷ್ಟು ಮಳೆ ಈ ಎರಡರಲ್ಲಿ ಯಾವ ಕೇಂದ್ರದಲ್ಲಿಯೂ ಬಿದ್ದಿರಲಿಲ್ಲ. ಕೊಲಾಬಾದ ಅಂಕಿಯನ್ನಷ್ಟೇ ನಂಬಿದವರಿಗೆ ಉಲ್ಲಾಸ್ ನದೀತೀರದ ಕಲ್ಯಾಣವನ್ನೂ ಬಿಡದ ಆ ಪ್ರವಾಹದ ಸುಳಿವೇ ಸಿಗುತ್ತಿರಲಿಲ್ಲ.

ಇಂತಹ ಅಳತೆಗಳು ಅಗಾಧ ಪ್ರಮಾಣದಲ್ಲಿ, ಬಿಡುವಿಲ್ಲದೆ, ನಾನಾ ರೂಪಗಳಲ್ಲಿ ಬಂದು ಸೇರುವುದೇ ಬೃಹತ್ ದತ್ತಾಂಶ. ಪ್ರಮಾಣ ಹೆಚ್ಚಿದ ಮಾತ್ರಕ್ಕೆ ತಪ್ಪುಗಳು ಅಳಿಯುವುದಿಲ್ಲ. ಆದುದರಿಂದ ವಿದ್ಯಾರ್ಥಿಯು ಮೊದಲು ಕೇಳಬೇಕು: ಎಲ್ಲಿ ಅಳೆದರು? ಯಾವ ಉಪಕರಣದಿಂದ? ಏನು ಬಿಟ್ಟುಹೋಗಿದೆ? ಅನಂತರ ಪೈಥಾನ್, ಆರ್ ಭಾಷೆಗಳನ್ನು ಕಲಿಯಲಿ, ಇವೆರಡೂ ಉಚಿತ. ಸರ್ಕಾರದ ಮುಕ್ತ ದತ್ತಾಂಶ ತಾಣ 2012ರಲ್ಲಿಯೂ, 'ಸ್ವಯಂ' ಪಾಠಗಳು 2017ರಲ್ಲಿಯೂ ಆರಂಭವಾದವು.

ಪ್ರಾಣಿಶಾಸ್ತ್ರದ ವಿದ್ಯಾರ್ಥಿ ಠಾಣೆ ಖಾಡಿಯ ಫ್ಲೆಮಿಂಗೊ ಹಕ್ಕಿಗಳ ಎಣಿಕೆಯನ್ನೂ, ರಸಾಯನಶಾಸ್ತ್ರದ ವಿದ್ಯಾರ್ಥಿ ಡೊಂಬಿವಲಿ ಕೈಗಾರಿಕಾ ವಲಯದ ಗಾಳಿಯ ಅಳತೆಗಳನ್ನೂ ಹೀಗೆಯೇ ಪರೀಕ್ಷಿಸಬಹುದು.

ಮುಂದಿನ ಮಹಾಮಳೆಗೆ ಮುನ್ನೆಚ್ಚರಿಕೆ ನೀಡಬೇಕಾದವರು ಇಂದು ಈ ತರಗತಿಗಳಲ್ಲಿಯೇ ಕುಳಿತಿರಬಹುದು. ಅಂಕಿಗಳನ್ನು ನಂಬುವ ಮುನ್ನ ಪರೀಕ್ಷಿಸಲು ಅವರಿಗೆ ಕಲಿಸುವುದು ನಮ್ಮೆಲ್ಲರ ಹೊಣೆ.