ಟಿಕೆಟಿನ ವೇಳೆ, ಮನೆಯ ವೇಳೆ
(ವಾಚನಾಲಯದ ತಿಂಗಳ ಕೂಟದಲ್ಲಿ ಮಾಡಿದ ಭಾಷಣ)



ಹೈದರಾಬಾದಿನಿಂದ ಹುಬ್ಬಳ್ಳಿಗೆ ವಿಮಾನದಲ್ಲಿ ಎಷ್ಟು ದೂರ, ಎಷ್ಟು ಹೊತ್ತು ಎಂದು ಇಲ್ಲಿಗೆ ಬರುವ ಗೆಳೆಯರು ಆಗಾಗ ಕೇಳುವುದುಂಟು. ದೂರ ಹೇಳುವುದು ಸುಲಭ. ನಕ್ಷೆಯ ಮೇಲೆ ಶಂಷಾಬಾದಿನಿಂದ ಹುಬ್ಬಳ್ಳಿ ನಿಲ್ದಾಣಕ್ಕೆ ನೂಲು ಹಿಡಿದರೆ ಸುಮಾರು 415 ಕಿಲೋಮೀಟರು. ಹೊತ್ತಿನ ಲೆಕ್ಕವೇ ತೊಡಕಿನದು.

ಇಂಥ ಸಣ್ಣ ದಾರಿಗಳಲ್ಲಿ ಹಾರುವ ಎ.ಟಿ.ಆರ್. ಎಂಬ ಪಂಖದ ವಿಮಾನ ಮೇಲೇರಿದ ಮೇಲೆ ಗಂಟೆಗೆ ಸುಮಾರು 500 ಕಿಲೋಮೀಟರು ಹೋಗುತ್ತದೆ. ಹಾಗಾದರೆ 50 ನಿಮಿಷ ಸಾಕಲ್ಲವೆ? ಸಾಲದು. ಟಿಕೆಟಿನ ಗಡಿಯಾರ ನಡೆಯುವುದು ವಿಮಾನ ನಿಂತ ಜಾಗ ಬಿಟ್ಟಾಗಿನಿಂದ ಅಲ್ಲಿ ಹೋಗಿ ನಿಲ್ಲುವ ತನಕ. ನೆಲದ ಮೇಲೆ ಓಡಬೇಕು, ಸರದಿ ಕಾಯಬೇಕು, ಗಾಳಿಗೆ ಎದುರಾಗಿ ಏರಬೇಕು, ಇಳಿಯುವಾಗ ಸುತ್ತು ಬರಬೇಕು. ಹೀಗೆ ಒಂದೂಕಾಲು ಗಂಟೆ ಆಗುತ್ತದೆ. ಗಂಟೆಗೆ 800 ಕಿಲೋಮೀಟರು ಹೋಗುವ ಜೆಟ್ಟಿಗೂ ಇಷ್ಟು ಸಣ್ಣ ದಾರಿಯಲ್ಲಿ ಹೆಚ್ಚಿನ ಲಾಭವಿಲ್ಲ.

ಈ ಒಂದೂಕಾಲು ಗಂಟೆಯನ್ನು ನಂಬಿ ನಾನು ಕೆಟ್ಟೆ. ಕೆಲವು ವರ್ಷಗಳ ಹಿಂದೆ ಒಂದು ರಾತ್ರಿ ಎಂಟಕ್ಕೆ, ಅಪ್ಪನಿಗೆ ಹೆಚ್ಚಾಗಿದೆ ಎಂದು ಊರಿನಿಂದ ಫೋನು ಬಂತು. ನಮ್ಮೂರು ಗಜೇಂದ್ರಗಡದ ಹತ್ತಿರ. ನಮ್ಮ ಓಣಿಯಲ್ಲೇ ಇರುವ ಭಾವನವರು ಕೈಚೀಲ ಹಿಡಿದು ರಾತ್ರಿ ಬಸ್ಸಿಗೆ ಓಡಿದರು. ನಾನು ಬುದ್ಧಿವಂತ, ನಾಳೆಯ ವಿಮಾನಕ್ಕೆ ಸಾಲ ಮಾಡಿ ಟಿಕೆಟು ತೆಗೆದೆ. ಬೆಳಗ್ಗೆ ಹತ್ತೂವರೆಗೆ ಕಾಚಿಗುಡ ಬಿಟ್ಟೆ. ವಿಮಾನ ಹೊರಟದ್ದು ಒಂದು ಗಂಟೆಗೆ. ಹುಬ್ಬಳ್ಳಿಯಿಂದ ಗದಗ, ಅಲ್ಲಿಂದ ಇನ್ನೊಂದು ಬಸ್ಸು. ಮನೆ ಸೇರಿದಾಗ ದೀಪ ಹಚ್ಚಿದ್ದರು. ಭಾವನವರು ಬೆಳಗಿನ ಏಳಕ್ಕೇ ತಲುಪಿದ್ದರು. ಅಪ್ಪನ ಬಾಯಿಗೆ ನೀರು ಬಿಟ್ಟವರು ಅವರು. ಆ ಹೊತ್ತಿಗೆ ನಾನು ವಿಮಾನದ ಕಿಟಕಿಯ ಹತ್ತಿರ ಕೂತು ಮೋಡ ನೋಡುತ್ತಿದ್ದೆ.

ಆದ್ದರಿಂದ ತಮ್ಮಲ್ಲಿ ಅರಿಕೆ: ಇಲ್ಲಿಯ ಬಾಗಿಲಿನಿಂದ ಊರಿನ ಬಾಗಿಲಿನ ತನಕ ಎಣಿಸಿರಿ. ಬೇಗಂಪೇಟೆಯ ನಿಲ್ದಾಣ ಊರೊಳಗೇ ಇತ್ತು. 2008ರಲ್ಲಿ ಶಂಷಾಬಾದಿಗೆ ಹೋದ ಮೇಲೆ ಆ ದಾರಿಯನ್ನೂ ಕೂಡಿಸಬೇಕು.

ನೂಲಿನ ದೂರಕ್ಕೆ ಬೆಲೆಯಿಲ್ಲವೆಂದಲ್ಲ. ಬೀದರಿನ ಬಂಧುಗಳು ಇದನ್ನು ಬಲ್ಲರು. ಶಂಷಾಬಾದಿನಿಂದ ಆಕಾಶಮಾರ್ಗವಾಗಿ 150 ಕಿಲೋಮೀಟರಿನೊಳಗೆ ಬೇರೆ ನಿಲ್ದಾಣ ಕೂಡದೆಂದು ಒಪ್ಪಂದವಾಗಿತ್ತು. ಬೀದರ ಸುಮಾರು 125ರಲ್ಲಿದೆ. ವಾಯುಪಡೆಯ ಓಡುದಾರಿ ಕಣ್ಣೆದುರಿಗಿದ್ದರೂ ಜನರ ವಿಮಾನ ಅಲ್ಲಿಂದ ಹಾರಿದ್ದು 2020ರ ಫೆಬ್ರವರಿಯಲ್ಲಿ. ಕಲಬುರಗಿ 156ರ ಸುಮಾರಿನಲ್ಲಿ, ಗೆರೆಯಿಂದ ತುಸುವೇ ಆಚೆ. ಅಲ್ಲಿಯ ನಿಲ್ದಾಣ 2019ರ ನವೆಂಬರಿನಲ್ಲಿ ತೆರೆಯಿತು.

ಈ ಎರಡೂ ಊರಿನವರು ಇಲ್ಲಿಂದ ಹೋಗಲು ವಿಮಾನದ ಯೋಚನೆಯನ್ನೇ ಮಾಡಬೇಕಿಲ್ಲ. ವಾಡಿಯ ರೈಲುದಾರಿ 1874ರಿಂದ ಇದೆ. ಬೀದರ–ಕಲಬುರಗಿ ನಡುವೆ ನೂಲಿನ ದೂರ 87 ಕಿಲೋಮೀಟರು, 2017ರಲ್ಲಿ ತೆರೆದ ರೈಲುದಾರಿ ಸುಮಾರು 110. ಅಷ್ಟಕ್ಕೆ ವಿಮಾನ ಏರುವುದರೊಳಗೆ ಇಳಿಯಬೇಕಾದೀತು!

ರೈಲು, ಬಸ್ಸುಗಳ ವೇಳಾಪಟ್ಟಿ ಬರೆದು ಆ ಕಿಟಕಿಯ ಕೆಳಗಿನ ಮೇಜಿನ ಮೇಲೆ ಇಟ್ಟಿದ್ದೇನೆ. ಕೂಟ ಮುಗಿದ ಮೇಲೆ ನಿಮ್ಮ ನಿಮ್ಮ ಊರಿನ ಹೆಸರು ಹೇಳಿರಿ, ಕೂತು ಲೆಕ್ಕ ಹಾಕೋಣ.